ತೆರೆಯ ಮಿಣುಕು

ಕತ್ತಲಲ್ಲಿ ಕೊಳ್ಳಿಯನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುವುದನ್ನು ನೀವು ಬಾಲ್ಯದಲ್ಲಿ ನೋಡಿಯೇ ಇರುವಿರಿ. ಹಿರಿಯರು ಅದನ್ನು ಅಲಾತಚಕ್ರವೆಂದು ಕರೆದರು. ಅಲ್ಲಿ ಬಳೆಯಿಲ್ಲ, ಕಂಡುದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಕಣ್ಣಿದೆ, ಅಷ್ಟೇ. ಈ ಕಣ್ಣನ್ನೇ ನಂಬಿ ಟೆಲಿವಿಷನ್ ಹುಟ್ಟಿತು.

ಗಾಜಿನ ಕೊಳವೆಯ ತೆರೆಯ ಮೇಲೆ ಎಲೆಕ್ಟ್ರಾನ್ ಕಿರಣವು ಗೆರೆಗೆರೆಯಾಗಿ ಚಿತ್ರ ಬರೆಯುತ್ತಿತ್ತು. ಸೆಕೆಂಡಿಗೆ 25 ಚಿತ್ರಗಳಾದರೆ ಚಲನೆಯೇನೋ ಸರಾಗ. ಆದರೆ ತೆರೆ ಮಿಣುಕುವುದು ತಪ್ಪದು. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಿಂದ ಬಿ.ಬಿ.ಸಿ.ಯು 1936ರ ನವೆಂಬರಿನಲ್ಲಿ ಪ್ರಸಾರ ಆರಂಭಿಸಿದಾಗ ಎರಡು ಪದ್ಧತಿಗಳು ಸರದಿಯಂತೆ ಪರೀಕ್ಷೆಗೆ ನಿಂತವು. ಬೇರ್ಡರದು 240 ಗೆರೆಗಳ ಚಿತ್ರ, ಸೆಕೆಂಡಿಗೆ 25. ಮಾರ್ಕೋನಿ-ಇ.ಎಂ.ಐ.ಯವರದು 405 ಗೆರೆ. ಇವರು ಮೊದಲ ಸುತ್ತಿನಲ್ಲಿ ಒಂದು ಬಿಟ್ಟು ಒಂದು ಗೆರೆ ಎಳೆದು, ಮರುಸುತ್ತಿನಲ್ಲಿ ನಡುವಿನವನ್ನು ತುಂಬಿದರು. ಚಿತ್ರ 25 ಮಾತ್ರ, ತೆರೆ ಬೆಳಗುವುದು 50 ಬಾರಿ! 1937ರ ಫೆಬ್ರವರಿಯಲ್ಲಿ ಬೇರ್ಡ್ ಪದ್ಧತಿಯನ್ನು ಕೈಬಿಟ್ಟರು. ಅದಕ್ಕೆ ಮಿಣುಕೊಂದೇ ಕಾರಣವಲ್ಲವೆನ್ನಿ.

ಐವತ್ತು ವರ್ಷಗಳ ಮೇಲೆ ಇದೇ ಉಪಾಯ ಕಚೇರಿಯ ಮೇಜಿಗೆ ಬಂದಿತು. 1987ರಲ್ಲಿ ಐ.ಬಿ.ಎಂ. ಸಂಸ್ಥೆಯು 8514 ಎಂಬ ಕಂಪ್ಯೂಟರ್ ಮಾನಿಟರನ್ನು ಹೊರತಂದಿತು. ಅಡ್ಡಕ್ಕೆ 1024 ಚುಕ್ಕೆ, ಉದ್ದಕ್ಕೆ 768 ಗೆರೆ. ಅರ್ಧಚಿತ್ರಗಳು ಸೆಕೆಂಡಿಗೆ ಸುಮಾರು 87. ಪೂರ್ಣಚಿತ್ರಗಳು 43ಕ್ಕೆ ತುಸು ಹೆಚ್ಚು. ಅಂಕೆ ನೋಡಿದರೆ ಟೆಲಿವಿಷನ್ನಿಗಿಂತ ಎಷ್ಟೋ ಮೇಲು. ಹಾಗಾದರೆ ಕಣ್ಣೇಕೆ ನೋಯಬೇಕು?

ಟೆಲಿವಿಷನ್ನಿನಲ್ಲಿ ನೀವು ನೋಡುವುದು ಮುಖ, ಮರ, ಮೋಡ. ಅಲ್ಲಿ ಒಂದು ಗೆರೆಗೂ ಅದರ ಕೆಳಗಿನದಕ್ಕೂ ಹೆಚ್ಚು ಭೇದವಿಲ್ಲ. ಒಂದು ಆರುವಾಗ ಇನ್ನೊಂದು ಬೆಳಗಿ ಕಣ್ಣನ್ನು ಸಮಾಧಾನಪಡಿಸುತ್ತದೆ. ಲೆಕ್ಕದ ಕೋಷ್ಟಕದ ಅಡ್ಡಗೆರೆ ಹಾಗಲ್ಲ. ಒಂದೇ ಗೆರೆಯಷ್ಟು ದಪ್ಪವಿದ್ದರೆ ಅದು ಒಂದೇ ಸುತ್ತಿಗೆ ಸೇರಿದ್ದು. ನೆರೆಯವರ ಆಸರೆಯಿಲ್ಲದೆ ಅದು 43 ಬಾರಿ ಮಾತ್ರ ಹೊಳೆದು ಆರುತ್ತದೆ. ಅಕ್ಷರಗಳ ಅಡ್ಡಪಟ್ಟಿಗಳಿಗೂ ಇದೇ ಗತಿ. ಬಿಳಿಯ ಹಿನ್ನೆಲೆಯಾದರಂತೂ ಕೇಳಬೇಡಿ.

ಇಷ್ಟಕ್ಕೂ ಕಾರಣ ಖರ್ಚು. ಈ ರೀತಿಯಲ್ಲಿ ಕಿರಣವು ಸೆಕೆಂಡಿಗೆ ಸುಮಾರು 35,500 ಗೆರೆ ಎಳೆದರೆ ಸಾಕು. ಅಷ್ಟೇ ಗೆರೆಗಳ ಚಿತ್ರವನ್ನು ಇಡಿಯಾಗಿ 60 ಬಾರಿ ಬರೆಯಲು 48,000ಕ್ಕೂ ಮಿಕ್ಕಿ ಬೇಕು. ಅಂಥ ಸರ್ಕ್ಯೂಟು ಆಗ ದುಬಾರಿ. ಉಳಿತಾಯ ಒಬ್ಬರದು, ತಲೆನೋವು ದಿನವಿಡೀ ಎದುರಿಗೆ ಕೂರುವ ಗುಮಾಸ್ತರದು! ಬೆಳಕು ನಿಧಾನವಾಗಿ ಆರುವ ರಂಜಕ ಬಳಿದರೆ ಮಿಣುಕು ತಗ್ಗುತ್ತಿತ್ತು. ಆದರೆ ಚಲಿಸಿದ ಚಿತ್ರ ಹಿಂದೆ ಬಾಲ ಬಿಡುತ್ತಿತ್ತು.

1990ರ ದಶಕದಲ್ಲಿ ಸರ್ಕ್ಯೂಟುಗಳು ಅಗ್ಗವಾಗಿ, ಇಡೀ ಚಿತ್ರವನ್ನು 70, 75 ಬಾರಿ ಬರೆಯುವ ಮಾನಿಟರುಗಳು ಬಂದವು. ಹಳೆಯದೊಂದು ನಿಮಗೆ ಎಲ್ಲಾದರೂ ದೊರೆತರೆ ನೇರವಾಗಿ ನೋಡದೆ ಓರೆಗಣ್ಣಿನಿಂದ ನೋಡಿ. ಮಿಣುಕು ಹೆಚ್ಚು ಕಾಣುವುದು ಹಾಗೆಯೇ.