ಮೂರು ಬೆರಳಿನ ವಂದನೆ

ಅಮೆರಿಕದ ಲೇಖಕಿ ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯಲ್ಲಿ ಬರುವ ಕೈಸನ್ನೆ. ಮುಂದೆ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ಗಳಲ್ಲಿ ಸೇನಾಡಳಿತವನ್ನು ವಿರೋಧಿಸುವವರ ಗುರುತಾಯಿತು. ಎಡಗೈಯ ನಡುವಿನ ಮೂರು ಬೆರಳುಗಳನ್ನು ತುಟಿಗೆ ತಾಗಿಸಿ ಕೈಯನ್ನು ಎದುರಿನವರತ್ತ ಚಾಚುವುದು ಇದರ ಮೂಲ ರೂಪ.

ಕಾದಂಬರಿಯಲ್ಲಿ ಇದು ಬಂಡಾಯಕ್ಕೆಂದು ಹುಟ್ಟಿದ್ದಲ್ಲ. ಪ್ಯಾನೆಮ್ ಎಂಬ ಕಲ್ಪಿತ ದೇಶದಲ್ಲಿ, ಕಲ್ಲಿದ್ದಲು ಗಣಿಗಾರರ 12ನೆಯ ಜಿಲ್ಲೆಯ ಹಳೆಯ ರೂಢಿ ಇದು. ಶವಸಂಸ್ಕಾರದಲ್ಲಿ ಅಪರೂಪಕ್ಕೆ ಕಾಣುವ ಈ ಸನ್ನೆಯಲ್ಲಿ ಕೃತಜ್ಞತೆ, ಮೆಚ್ಚುಗೆ, ವಿದಾಯ ಮೂರೂ ಇವೆ. ‘ಹಂಗರ್ ಗೇಮ್ಸ್’ ಎಂಬ ಸಾವಿನ ಆಟಕ್ಕೆ ಮಕ್ಕಳನ್ನು ಚೀಟಿ ಎತ್ತಿ ಆರಿಸುವ ದಿನ ಕಥಾನಾಯಕಿ ಕ್ಯಾಟ್ನಿಸ್‌ಳ ಪುಟ್ಟ ತಂಗಿ ಪ್ರಿಮ್‌ಳ ಹೆಸರು ಬರುತ್ತದೆ. ಅವಳ ಬದಲು ಅಕ್ಕ ಕ್ಯಾಟ್ನಿಸ್ ಮುಂದೆ ಬರುತ್ತಾಳೆ. ಚಪ್ಪಾಳೆ ಹೊಡೆಯಿರಿ ಎಂದು ವೇದಿಕೆಯ ನಿರೂಪಕಿ ಕೇಳಿದರೂ ಒಬ್ಬರೂ ಹೊಡೆಯುವುದಿಲ್ಲ. ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು, ಕಡೆಗೆ ಹೆಚ್ಚುಕಡಿಮೆ ಚೌಕದಲ್ಲಿದ್ದವರೆಲ್ಲ ಬೆರಳೆತ್ತುತ್ತಾರೆ. ಮುಂದಿನ ಕಾದಂಬರಿ ‘ಕ್ಯಾಚಿಂಗ್ ಫೈರ್’ನಲ್ಲಿ (2009) 11ನೆಯ ಜಿಲ್ಲೆಯ ಜನ ಇದನ್ನೇ ಮಾಡಿದಾಗ, ಸಿಳ್ಳೆ ಹಾಕಿ ಅದಕ್ಕೆ ಮೊದಲಿಟ್ಟ ಮುದುಕನನ್ನು ಕಾವಲು ಪಡೆ ಗುಂಡಿಟ್ಟು ಕೊಲ್ಲುತ್ತದೆ. ಶೋಕದ ಸನ್ನೆಯನ್ನು ದ್ರೋಹವಾಗಿಸಿದ್ದು ಜನರಿಗಿಂತ ಹೆಚ್ಚಾಗಿ ಆ ಗುಂಡು. ಆರ್ವೆಲ್‌ರ ‘1984’ ಕಾದಂಬರಿಯಲ್ಲಿ ನಾಯಕ ವಿನ್ಸ್ಟನ್ ಕಾವಲು ಪರದೆಯಾದ ಟೆಲಿಸ್ಕ್ರೀನಿನ ಕಣ್ಣು ತಪ್ಪಿಸಿ ದಿನಚರಿ ಬರೆಯುತ್ತಾನೆ. ಕಾಲಿನ್ಸ್‌ರ ಸನ್ನೆಗಾದರೋ ನೋಡುವ ಕಣ್ಣುಗಳೇ ಬೇಕು.

ಪುಸ್ತಕದಿಂದ ಬೀದಿಗೆ ಇದನ್ನು ತಂದದ್ದು ಬಹುಮಟ್ಟಿಗೆ 2012ರಿಂದ ಬಂದ ಚಲನಚಿತ್ರಗಳು. ಥಾಯ್ಲೆಂಡಿನಲ್ಲಿ 2014ರ ಮೇ 22ರಂದು ಸೇನೆ ಅಧಿಕಾರ ಹಿಡಿದು, ಐದು ಅಥವಾ ಹೆಚ್ಚು ಜನರ ರಾಜಕೀಯ ಸಭೆಯನ್ನು ನಿಷೇಧಿಸಿತು. ವಿರೋಧಿಗಳು ಆಗ ಮೂರು ಬೆರಳೆತ್ತತೊಡಗಿದರು. ಬ್ಯಾನರ್ ಕಿತ್ತುಕೊಳ್ಳಬಹುದು, ಬೆರಳನ್ನು ಜಪ್ತಿ ಮಾಡಲಾಗದು. ಆದರೂ ಸೇನೆ ಬಂಧನದ ಎಚ್ಚರಿಕೆ ಕೊಟ್ಟಿತು. ತುಟಿಗೆ ತಾಗಿಸುವ ಕ್ರಮ ಅಲ್ಲಿ ಹೆಚ್ಚಾಗಿ ಬಿಟ್ಟುಹೋಯಿತು. ಮೂರು ಬೆರಳಿಗೆ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಫ್ರೆಂಚ್ ಕ್ರಾಂತಿಯ ಅರ್ಥವನ್ನೂ ಕೆಲವರು ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಖೋನ್ ಕೇನ್‌ನಲ್ಲಿ ಪ್ರಧಾನಿ ಪ್ರಯುತ್ ಚಾನ್‌ಓಚಾ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ಅವರೆದುರೇ ಬೆರಳೆತ್ತಿ ನಿಂತರು. ಐವರನ್ನೂ ವಶಕ್ಕೆ ತೆಗೆದುಕೊಳ್ಳಲಾಯಿತು. 2020ರಲ್ಲಿ ಶಾಲಾಮಕ್ಕಳು ಬೆಳಗಿನ ಧ್ವಜವಂದನೆಯ ಹೊತ್ತಿಗೇ ಈ ವಂದನೆ ಮಾಡತೊಡಗಿದರು.

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರ ಸೇನಾದಂಗೆಯ ಬೆನ್ನಿಗೇ ಆಸ್ಪತ್ರೆಗಳ ಸಿಬ್ಬಂದಿ ಇದನ್ನು ಕೈಗೆತ್ತಿಕೊಂಡರು. ಆ ತಿಂಗಳ 26ರಂದು ವಿಶ್ವಸಂಸ್ಥೆಯಲ್ಲಿ ದೇಶದ ರಾಯಭಾರಿ ಕ್ಯಾವ್ ಮೋ ಟುನ್ ಸೇನೆಯನ್ನು ಖಂಡಿಸಿ, ಭಾಷಣದ ಕೊನೆಗೆ ಮೂರು ಬೆರಳೆತ್ತಿದರು. ಮರುದಿನವೇ ಸೇನಾಡಳಿತ ಅವರನ್ನು ವಜಾ ಮಾಡಿತು. ವಿಶ್ವಸಂಸ್ಥೆ ಆ ವಜಾವನ್ನು ಒಪ್ಪಲಿಲ್ಲ. ಅವರು ಅದೇ ಸ್ಥಾನದಲ್ಲಿ ಮುಂದುವರಿದರು.