ಒಂಟಿ ಪದರದ ಅರೆವಾಹಕವೂ ಬೆಳಕೂ : ಒಂದು ಐತಿಹಾಸಿಕ ವಿಚಾರ

ಮಾಲಿಬ್ಡಿನೈಟ್ ಎಂಬ ಖನಿಜವನ್ನು ಬಹುಕಾಲದವರೆಗೆ ಗ್ರಾಫೈಟೆಂದೇ ಭ್ರಮಿಸುತ್ತಿದ್ದರು. ಇವೆರಡೂ ಭಿನ್ನ ವಸ್ತುಗಳೆಂಬುದನ್ನು ಸ್ವೀಡನ್ ದೇಶದ ಷೀಲೆಯು ೧೭೭೮ರಲ್ಲಿ ತೋರಿಸಿದನು. ಅಭ್ರಕದಂತೆ ಪದರಪದರವಾಗಿ ಬಿಡುವ ಈ ಖನಿಜದ ಒಂದೊಂದು ಪದರದಲ್ಲಿಯೂ ಗಂಧಕದ ಎರಡು ಸಾಲುಗಳ ನಡುವೆ ಮಾಲಿಬ್ಡಿನಮ್ ಪರಮಾಣುಗಳಿರುವುವು. ಪದರದ ದಪ್ಪವು ಸುಮಾರು ೦.೬೫ ನ್ಯಾನೋಮೀಟರು. ಇಂತಹ ಒಂಟಿ ಪದರಗಳಿಂದ ಬೆಳಕಿನ ಉಪಕರಣಗಳನ್ನು ರಚಿಸುವ ವಿದ್ಯೆಯು ೨೦೦೪ರ ಗ್ರಾಫೀನ್ ಶೋಧದಿಂದಲೇ ಹುಟ್ಟಿತೆಂದು ಹೇಳುವುದುಂಟು. ಈ ಅಭಿಪ್ರಾಯವು ಪೂರ್ಣಸತ್ಯವಲ್ಲ.

ಕೆಲವೇ ಪದರಗಳ ದಪ್ಪವುಳ್ಳ ಹರಳುಗಳನ್ನು ಫ್ರಿಂಟ್ ಎಂಬ ವಿಜ್ಞಾನಿಯು ೧೯೬೬ರಲ್ಲಿಯೇ ವರ್ಣಿಸಿದ್ದನು. ೧೯೮೬ರಲ್ಲಿ ಆತನೂ ಸಹೋದ್ಯೋಗಿಗಳೂ ಕೆನಡಾದಲ್ಲಿ ಪದರಗಳ ನಡುವೆ ಲಿಥಿಯಮನ್ನು ಹೊಗಿಸಿ, ನೀರಿನಲ್ಲಿ ಅವನ್ನು ಬಿಡಿಸಿ, ಒಂಟಿ ಪದರಗಳನ್ನು ಪಡೆದರು. ಆದರೂ ಅವುಗಳ ಹೊಳಪು ಪ್ರಕಟವಾದುದು ೨೦೧೦ರಲ್ಲಿ. ಈ ವಿಳಂಬಕ್ಕೆ ಅಲಕ್ಷ್ಯವೊಂದೇ ಕಾರಣವೆನ್ನಲಾಗದು. ಲಿಥಿಯಮಿನ ಎಲೆಕ್ಟ್ರಾನುಗಳು ಪರಮಾಣುಗಳ ಜೋಡಣೆಯನ್ನೇ ಮಾರ್ಪಡಿಸಿ, ಅರೆವಾಹಕಕ್ಕೆ ಲೋಹಸ್ವಭಾವವನ್ನು ತರುತ್ತಿದ್ದುವು; ಅಂತಹ ಹಾಳೆಯಲ್ಲಿ ಆ ಹೊಳಪು ತೋರದು.

೨೦೦೫ರಲ್ಲಿ ಮ್ಯಾಂಚೆಸ್ಟರಿನ ನೊವೊಸೆಲೊವ್, ಗೈಮ್ ಮೊದಲಾದವರು ರಾಸಾಯನಿಕಗಳ ನೆರವಿಲ್ಲದೆ ಇದೇ ಹರಳಿನಿಂದ ಒಂಟಿ ಪದರವನ್ನು ಸುಲಿದರು. ಈ ವಿಧಾನದಲ್ಲಿ ಜೋಡಣೆಯು ಕೆಡಲಿಲ್ಲ. ದಪ್ಪ ಹರಳಿನಲ್ಲಿ ಎಲೆಕ್ಟ್ರಾನು ಬೆಳಕನ್ನು ಸೂಸಲು ಪರಮಾಣುಗಳ ಕಂಪನದ ಸಹಾಯವು ಬೇಕು. ಒಂಟಿ ಪದರದಲ್ಲಿ ಅದು ಅನಾವಶ್ಯಕ. ಆದಕಾರಣ ಹೊಳಪಿನ ದಕ್ಷತೆಯು ೧೦,೦೦೦ ಪಟ್ಟಿಗಿಂತ ಹೆಚ್ಚುವುದೆಂದು ೨೦೧೦ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಶೋಧಕರು ಅಳೆದು ತಿಳಿಸಿದರು. ಬರ್ಕ್ಲಿಯವರೂ ಅದೇ ವರ್ಷ ಈ ಹೊಳಪನ್ನು ಕಂಡರು. ಲಿಥಿಯಮಿನಿಂದ ಬಿಡಿಸಿದ ಹಾಳೆಗಳನ್ನು ೩೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅವೂ ಹೊಳೆಯುವುವೆಂದು ೨೦೧೧ರಲ್ಲಿ ಸಿದ್ಧವಾಗಲು, ಹಿಂದಿನ ವಿಳಂಬದ ಕಾರಣವೂ ಸ್ಪಷ್ಟವಾಯಿತು.

ಉಪಕರಣಗಳ ಏಳಿಗೆಯಲ್ಲಿಯೂ ಇದೇ ನ್ಯಾಯವು ಕಾಣುವುದು. ಈ ಪದರದಲ್ಲಿ ಎಲೆಕ್ಟ್ರಾನೂ ಅದು ಬಿಟ್ಟ ರಂಧ್ರವೂ ಬಲವಾಗಿ ಬೆಸೆದು ಎಕ್ಸೈಟಾನ್ ಎಂಬ ಜೋಡಿಯಾಗುವುವು. ಕೋಣೆಯ ಉಷ್ಣದಲ್ಲಿಯೂ ಅದು ಒಡೆಯದು. ಎರಡು ಕನ್ನಡಿಗಳ ನಡುವೆ ಹಾಳೆಯನ್ನಿಟ್ಟರೆ, ಜೋಡಿಯೂ ಬೆಳಕೂ ಶಕ್ತಿಯನ್ನು ಪರಸ್ಪರ ಕೊಟ್ಟುಕೊಂಡು ಪೋಲಾರಿಟಾನ್ ಎಂಬ ಮಿಶ್ರರೂಪವನ್ನು ತಳೆಯುವುವು. ನ್ಯೂಯಾರ್ಕಿನ ಸಿಟಿ ಕಾಲೇಜಿನ ಶೋಧಕರು ಇದನ್ನು ಸಾಧಿಸಿದ ವರದಿಯು ೨೦೧೫ರ ಸಂಚಿಕೆಯಲ್ಲಿ ಬಂದಿತು. ೨೦೧೯ರಲ್ಲಿ ಟಂಗ್‌ಸ್ಟನ್ ಡೈಸಲ್ಫೈಡಿನ ಪದರದಿಂದ ವಿದ್ಯುತ್ತಿನಿಂದಲೇ ಬೆಳಗುವ ಪೋಲಾರಿಟಾನ್ ದೀಪವೂ ಸಿದ್ಧವಾಯಿತು. ಈ ನಡುವೆ ೨೦೧೫ರಲ್ಲಿ ಬರ್ಕ್ಲಿಯಲ್ಲಿ ಹಾಳೆಯ ಮೇಲ್ಮೈ ದೋಷಗಳನ್ನು ಆಮ್ಲದಿಂದ ಉಪಚರಿಸಲು, ಶೇಕಡಾ ೧ಕ್ಕಿಂತ ಕಡಿಮೆಯಿದ್ದ ಹೊಳಪಿನ ದಕ್ಷತೆಯು ಶೇಕಡಾ ೯೫ನ್ನು ಮೀರಿತು.

ಇದರಿಂದ, ಈ ವಿದ್ಯೆಯ ಚರಿತ್ರೆಯು ತೆಳುಹಾಳೆಯು ಮೊದಲು ದೊರೆತ ದಿನದಿಂದಲ್ಲ, ಅದು ಕೆಡದಂತೆ ದೊರೆತ ದಿನದಿಂದ ಆರಂಭವಾಗುವುದೆಂದು ನಿರ್ಣಯಿಸುವುದೇ ಯುಕ್ತವಾಗಿದೆ.