ಕರ್ನಾಟಕ ಕರಾವಳಿಯ ಮೀನುಗಾರಿಕೆ ನಿರ್ವಹಣೆ: ವೈಜ್ಞಾನಿಕ ಬೆಂಬಲದ ಇತಿಹಾಸ

ಕಾರವಾರದಿಂದ ತಲಪಾಡಿಯವರೆಗಿನ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಹಿಡಿಯುವ ಮೀನಿನ ಪ್ರಮಾಣ, ಹಿಡಿಯುವ ಕಾಲ, ಬಲೆ ಮತ್ತು ದೋಣಿಗಳ ಬಗೆ ಇವುಗಳನ್ನು ಮೀನಿನ ಸಂತತಿ ಉಳಿಯುವಂತೆ ನಿಯಂತ್ರಿಸುವ ಪ್ರಯತ್ನಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಇಲ್ಲಿನ ಸಮುದ್ರದ ಮುಖ್ಯ ಸಂಪತ್ತು ಬೂತಾಯಿ (ತಾರ್ಲೆ) ಮತ್ತು ಬಂಗುಡೆ. ಇವೆರಡೂ ಹಿಂಡುಗಟ್ಟಿ ತೀರಕ್ಕೆ ಬರುವ, ಬೇಗ ಬೆಳೆದು ಬೇಗ ಸಾಯುವ ಮೀನುಗಳು. ಒಂದು ವರ್ಷ ದಕ್ಕೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಂದು ಮರುವರ್ಷ ಕಾಣೆಯಾಗುವುದು ಇವುಗಳ ಸ್ವಭಾವ. ಈ ಏರಿಳಿತಕ್ಕೆ ಪ್ರಕೃತಿ ಎಷ್ಟು ಕಾರಣ, ಬಲೆ ಎಷ್ಟು ಕಾರಣ ಎಂಬ ಪ್ರಶ್ನೆಯೇ ಈ ಕರಾವಳಿಯ ಮೀನುಗಾರಿಕಾ ವಿಜ್ಞಾನವನ್ನು ಮೊದಲಿನಿಂದ ಇಂದಿನವರೆಗೂ ನಡೆಸಿಕೊಂಡು ಬಂದಿದೆ.

ವಿಜ್ಞಾನ ಬರುವುದಕ್ಕೆ ಮುಂಚೆಯೂ ಕರಾವಳಿಯಲ್ಲಿ ಕಟ್ಟುಪಾಡುಗಳಿದ್ದವು. ಮಳೆಗಾಲದ ಕಡಲಿಗೆ ಮೀನುಗಾರ ಸಮುದಾಯಗಳಾದ ಮೊಗವೀರರಾಗಲಿ ಖಾರ್ವಿ, ಹರಿಕಂತ್ರರಾಗಲಿ ದೊಡ್ಡ ದೋಣಿಗಳನ್ನು ಇಳಿಸುತ್ತಿರಲಿಲ್ಲ. ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಋತು. ಈ ಬಿಡುವಿಗೆ ಅಬ್ಬರದ ಅಲೆಗಳೇ ನೇರ ಕಾರಣವಾದರೂ ಬೂತಾಯಿ, ಬಂಗುಡೆಗಳು ಮೊಟ್ಟೆಯಿಡುವುದು ಬಹುಮಟ್ಟಿಗೆ ಅದೇ ತಿಂಗಳುಗಳಲ್ಲಿ. ದಡದಿಂದ ನೂರರಷ್ಟು ಜನ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯೂ ಮೀನು ತಾನಾಗಿ ತೀರಕ್ಕೆ ಬಂದಾಗ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಹಿಡಿದದ್ದನ್ನು ಬಲೆಗೆ ಸೇರಿದವರೆಲ್ಲ ಪಾಲು ಹಾಕಿಕೊಳ್ಳುತ್ತಿದ್ದರು.

ಬ್ರಿಟಿಷ್ ಆಳ್ವಿಕೆಯಲ್ಲಿ ಈ ಕರಾವಳಿ ಎರಡು ಹೋಳಾಗಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಭಾರತದ ಮೀನುಗಳನ್ನು ಕ್ರಮಬದ್ಧವಾಗಿ ಪಟ್ಟಿಮಾಡಿದ ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ ಅವರ ಮಲಬಾರ್ ಮೀನುಗಳ ಗ್ರಂಥ 1865ರಲ್ಲಿ ಹೊರಬಂತು. 1875ರಿಂದ 1878ರವರೆಗೆ ಇಡೀ ಭಾರತದ ಮೀನುಗಳ ಗ್ರಂಥ ಪ್ರಕಟವಾಯಿತು. ಸರ್ಕಾರದ ಗಮನವಾದರೋ ಉಪ್ಪಿನ ಮೇಲಿತ್ತು. ಉಪ್ಪಿನ ತೆರಿಗೆಯಿಂದ ಒಣಮೀನಿನ ವ್ಯಾಪಾರ ಕುಸಿದಾಗ, ಮೀನು ಹದಮಾಡುವ ಅಂಗಳಗಳನ್ನು ತೆರೆದು ಅಲ್ಲಿ ಕಡಿಮೆ ಬೆಲೆಗೆ ಉಪ್ಪು ಕೊಡಲಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಕಡಲಿಲ್ಲದ ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ನಿಬಂಧನೆ ಮಾಡಿಕೊಂಡಿತು. ಅದರ ಕಣ್ಣು ನದಿ, ಕೆರೆಗಳ ಮೇಲೆ.

ಕಡಲ ಮೀನಿನ ಬಗ್ಗೆ ನಿಜವಾದ ಶೋಧ ಶುರುವಾದದ್ದು ಫ್ರೆಡರಿಕ್ ನಿಕಲ್ಸನ್ ಮುಂದಾಳತ್ವದಲ್ಲಿ ಮದ್ರಾಸಿನಲ್ಲಿ ರೂಪುಗೊಂಡ ಮೀನುಗಾರಿಕಾ ಇಲಾಖೆಯಿಂದ. ಅಲ್ಲಿನ ಜೇಮ್ಸ್ ಹಾರ್ನೆಲ್ 1908ರಲ್ಲಿ ಮಲಬಾರ್ ತೀರ ಮತ್ತು ಲಕ್ಷದ್ವೀಪಗಳ ಸುತ್ತ ಸಂಚರಿಸಿ ಮೀನುಗಾರಿಕೆಯ ವರದಿ ಬರೆದರು. 1920ರ ದಶಕದ ಆರಂಭದಲ್ಲಿ ಹಾರ್ನೆಲ್ ಮತ್ತು ಅವರ ಸಹೋದ್ಯೋಗಿ ನಾಯುಡು ಬೂತಾಯಿಯ ಜೀವನಚರಿತ್ರೆಯನ್ನೂ ಅದು ತಿನ್ನುವ ತೇಲುಜೀವಿಗಳನ್ನೂ ಒಟ್ಟಿಗೆ ಅಧ್ಯಯನ ಮಾಡಿದರು. ಮೀನನ್ನು ಅದರ ನೀರಿನಿಂದ ಬೇರೆ ಮಾಡಿ ನೋಡಬಾರದೆಂಬ ಅವರ ಪದ್ಧತಿ ಪಶ್ಚಿಮ ಕರಾವಳಿಯ ಸಂಶೋಧನೆಗೆ ದಾರಿ ಹಾಕಿತು. 1940ರ ಸುಮಾರಿಗೆ ಬೂತಾಯಿ ವರ್ಷಗಟ್ಟಲೆ ಕೈಕೊಟ್ಟಾಗ ಮದ್ರಾಸ್ ಸರ್ಕಾರ 1943ರಲ್ಲಿ ಮರಿ ಮೀನು ಹಿಡಿಯುವುದರ ಮೇಲೆ ನಿರ್ಬಂಧ ಹೇರಿತು. ವೈಜ್ಞಾನಿಕ ಸಲಹೆಯನ್ನು ಆಧರಿಸಿ ಕಡಲ ಮೀನಿಗೆ ಕಾನೂನು ಮಾಡಿದ ಈ ಮೊದಮೊದಲ ಪ್ರಯತ್ನ ಹೆಚ್ಚು ಕಾಲ ಬಾಳಲಿಲ್ಲ. ನೂರಾರು ಊರುಗಳ ದಡದಲ್ಲಿ ನಿಂತು ಬಲೆಯ ಕಣ್ಣು ಅಳೆಯುವ ಜನ ಸರ್ಕಾರದ ಬಳಿ ಇರಲಿಲ್ಲ.

1947ರ ಫೆಬ್ರವರಿ 3ರಂದು ಮದ್ರಾಸಿನಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದು ಬಳಿಕ ಮಂಟಪಂಗೆ, 1971ರಲ್ಲಿ ಕೊಚ್ಚಿಗೆ ಸ್ಥಳಾಂತರಗೊಂಡಿತು. ಹೋಲಿಕೆಗೆ ಹೇಳುವುದಾದರೆ, ಪೆಸಿಫಿಕ್ ದ್ವೀಪಗಳಿಗೆ ಇಂದು ಮೀನುಗಾರಿಕೆಯ ವೈಜ್ಞಾನಿಕ ಸಲಹೆ ಒದಗಿಸುತ್ತಿರುವ ಪೆಸಿಫಿಕ್ ಸಮುದಾಯ ಸಂಸ್ಥೆಯೂ ಹುಟ್ಟಿದ್ದು ಅದೇ 1947ರಲ್ಲಿ. ಸಣ್ಣ ದ್ವೀಪರಾಷ್ಟ್ರಗಳಿಗೆ ತಮ್ಮದೇ ಪ್ರಯೋಗಾಲಯ ನಡೆಸುವ ಶಕ್ತಿಯಿಲ್ಲದ್ದರಿಂದ ಅವು ಒಂದೇ ಸಂಸ್ಥೆಯ ವಿಜ್ಞಾನವನ್ನು ಹಂಚಿಕೊಂಡವು. ಭಾರತದ ಕರಾವಳಿ ರಾಜ್ಯಗಳ ಸ್ಥಿತಿಯೂ ಬೇರೆಯಲ್ಲ. ಮೀನುಗಾರಿಕೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯ; ಅದರ ಹಿಂದಿನ ವಿಜ್ಞಾನ ಕೇಂದ್ರದ ಸಂಸ್ಥೆಯದು.

ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅತಿ ದೊಡ್ಡ ಕೊಡುಗೆ ಎಣಿಕೆ. ಯಾವ ಮೀನು ಎಷ್ಟು ಬಂತು ಎಂದು ಗೊತ್ತಿಲ್ಲದೆ ಎಷ್ಟು ಹಿಡಿಯಬಹುದೆಂದು ಹೇಳಲಾಗದು. ಪ್ರತಿ ದೋಣಿಯನ್ನೂ ಪ್ರತಿದಿನ ಎಣಿಸುವುದೂ ಸಾಧ್ಯವಿಲ್ಲ. ಆದ್ದರಿಂದ 1950ರ ದಶಕದಿಂದ ಹಂತಹಂತವಾದ ಯಾದೃಚ್ಛಿಕ ಮಾದರಿ ವಿಧಾನವನ್ನು ರೂಪಿಸಲಾಯಿತು. ಕರಾವಳಿಯನ್ನು ವಲಯಗಳಾಗಿ, ತಿಂಗಳನ್ನು ಹತ್ತು ಹತ್ತು ದಿನಗಳ ಭಾಗಗಳಾಗಿ ವಿಂಗಡಿಸಿ, ಇಳಿದಾಣಗಳನ್ನೂ ದಿನಗಳನ್ನೂ ಚೀಟಿಯೆತ್ತಿದಂತೆ ಆರಿಸಲಾಗುತ್ತದೆ. ಗಣತಿದಾರರು ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಗ್ಗೆ 6ರಿಂದ 12ರವರೆಗೆ ದಡದಲ್ಲಿದ್ದು ಆಯ್ದ ದೋಣಿಗಳ ಮೀನನ್ನು ಜಾತಿವಾರು ಬರೆದುಕೊಳ್ಳುತ್ತಾರೆ. ನಡುವಿನ ರಾತ್ರಿಯ ಲೆಕ್ಕವನ್ನು ವಿಚಾರಿಸಿ ತಿಳಿಯುತ್ತಾರೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳ ದಕ್ಕೆಗಳಲ್ಲಿ ಬೆವರು, ಮೀನಿನ ನೀರುಗಳ ನಡುವೆ ದಶಕಗಳಿಂದ ನಡೆದ ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕರ್ನಾಟಕದ ಕಡಲಿನ ಬಗ್ಗೆ ಇಂದು ಆಡಬಹುದಾದ ಯಾವ ಖಚಿತ ಮಾತಿಗೂ ತಳಹದಿ ಈ ಎಣಿಕೆಯೇ.

ಎಣಿಕೆಯ ಜೊತೆಗೆ ಜೀವಶಾಸ್ತ್ರವೂ ಬೆಳೆಯಿತು. ಸಂಸ್ಥೆಯ ಕಾರವಾರದ ಕೇಂದ್ರ ಬಂಗುಡೆಯ ಅಧ್ಯಯನಕ್ಕೆ ಹೆಸರಾಯಿತು. 1950ರ ದಶಕದಲ್ಲಿ ಅಲ್ಲಿ ಸಿಕ್ಕ ಬಂಗುಡೆಯ ಉದ್ದ, ಆಹಾರ, ಮೊಟ್ಟೆಚೀಲದ ಹಂತಗಳ ವಿವರಗಳು ಪ್ರಕಟವಾದವು. ಫ್ರಾಜಿಲೇರಿಯಾ ಎಂಬ ಸೂಕ್ಷ್ಮ ಪಾಚಿ ನೀರಿನಲ್ಲಿ ಹೆಚ್ಚಿದಾಗ ಬೂತಾಯಿಯೂ ಹೆಚ್ಚುತ್ತದೆಂಬುದನ್ನು 1955ರಲ್ಲಿ ಸಂಶೋಧಕರಾದ ನಾಯರ್ ಮತ್ತು ಸುಬ್ರಹ್ಮಣ್ಯನ್ ತೋರಿಸಿದರು.

1956ರ ನವೆಂಬರ್ 1ರಂದು ಉತ್ತರ ಮತ್ತು ದಕ್ಷಿಣ ಕನ್ನಡಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ಕೆರೆ, ಹೊಳೆಗಳ ಮೀನಷ್ಟನ್ನೇ ನೋಡಿಕೊಳ್ಳುತ್ತಿದ್ದ ಆಡಳಿತದ ಕೈಗೆ ಒಮ್ಮೆಲೇ ಅರಬ್ಬಿ ಸಮುದ್ರದ ಅಂಚು ಬಂತು. ಮೈಸೂರು ನಗರದ ಪಾತ್ರ ಇಲ್ಲಿ ಬೇರೊಂದು ಬಗೆಯದು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹಿಡಿದ ಮೀನು ಕೆಡದಂತೆ ಉಳಿಸುವ ವಿಷಯವನ್ನು ಕೈಗೆತ್ತಿಕೊಂಡಿತು. ಅಗ್ಗದ ಮೀನಿನಿಂದ ವಾಸನೆಯಿಲ್ಲದ, ಪ್ರೋಟೀನ್ ತುಂಬಿದ ಹಿಟ್ಟು ತಯಾರಿಸುವ ಪ್ರಯೋಗಗಳು ಇಲ್ಲಿ ನಡೆದವು. ಸಿಗಡಿಯ ಸಿಪ್ಪೆಯಿಂದ ಕೈಟೋಸಾನ್ ಮತ್ತು ಬಣ್ಣದ ದ್ರವ್ಯ ತೆಗೆಯುವ, ಮೀನಿನ ತ್ಯಾಜ್ಯವನ್ನು ಹುದುಗಿಸಿ ಬಳಸುವ ವಿಧಾನಗಳು ಮುಂದೆ ಬಂದವು. ಇವನ್ನು ನಿರ್ವಹಣೆಯ ವಿಜ್ಞಾನದಿಂದ ಹೊರಗಿಡುವುದು ತಪ್ಪು. ದಡಕ್ಕೆ ಬಂದ ಮೇಲೆ ಕೊಳೆತ ಪ್ರತಿ ಬುಟ್ಟಿಗೂ ಬದಲಾಗಿ ಕಡಲಿನಿಂದ ಇನ್ನೊಂದು ಬುಟ್ಟಿ ಮೀನನ್ನು ತರಬೇಕಾಗುತ್ತದೆ.

ಮೀನುಗಾರಿಕೆಯ ಸ್ವರೂಪವನ್ನೇ ಬದಲಿಸಿದ್ದು ಯಂತ್ರ. ದೋಣಿಗಳಿಗೆ ಯಂತ್ರ ಅಳವಡಿಸಲು ಕೇರಳದಲ್ಲಿ ಆರಂಭವಾಗಿದ್ದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಸಿಗಡಿಯ ರಫ್ತು ಲಾಭ ತಂದಂತೆ, ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟುಗಳು ಹೆಚ್ಚಿದವು. ತರಬೇತಿ ಪಡೆದವರ ಕೊರತೆ ನೀಗಲು 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ತೆರೆಯಿತು. ಅದು ಭಾರತದ ಮೊದಲ ಮೀನುಗಾರಿಕಾ ಕಾಲೇಜು; ಇಂದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. 1970ರ ದಶಕದ ನಡುಭಾಗದಲ್ಲಿ ಮಂಗಳೂರಿನಿಂದ ಪರ್ಸೀನ್ ಬೋಟುಗಳು ಹೊರಟವು. ಬೂತಾಯಿ, ಬಂಗುಡೆಯ ಹಿಂಡು ತೀರ ಮುಟ್ಟುವ ಮೊದಲೇ ಅದನ್ನು ಸುತ್ತುವರಿದು ಎತ್ತಬಲ್ಲ ಈ ಬಲೆಯ ಮುಂದೆ ರಂಪಣಿ ನಿಲ್ಲಲಾಗಲಿಲ್ಲ. ಆ ದಶಕದ ಕೊನೆಗೆ ರಂಪಣಿಯವರ ಪ್ರತಿಭಟನೆ, ಘರ್ಷಣೆಗಳು ನಡೆದವು. ಕೆಲವೇ ವರ್ಷಗಳಲ್ಲಿ ರಂಪಣಿ ಬಹುತೇಕ ಕಡೆ ಕಣ್ಮರೆಯಾಯಿತು. ಹೊಸ ಬಲೆಯನ್ನು ಎಷ್ಟು ಸಂಖ್ಯೆಯಲ್ಲಿ, ಎಷ್ಟು ದೂರದಲ್ಲಿ ಬಿಡಬಹುದೆಂಬ ಅಧ್ಯಯನ ಅದು ನೀರಿಗಿಳಿಯುವ ಮೊದಲೇ ಆಗಬೇಕಿತ್ತು. ಇಲ್ಲಿ ಬಲೆ ಮೊದಲು ಬಂತು, ಅಧ್ಯಯನ ಬಳಿಕ. ಈ ಕರಾವಳಿಯ ಮೀನುಗಾರಿಕಾ ನೀತಿಯ ಅತಿ ದೊಡ್ಡ ಲೋಪ ಇದೇ.

ಇಂಥ ಘರ್ಷಣೆಗಳ ಹಿನ್ನೆಲೆಯಲ್ಲಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಬಂತು. ದೋಣಿಗಳ ನೋಂದಣಿ, ಪರವಾನಗಿ, ಯಾವ ದೋಣಿ ಎಲ್ಲಿ ಮೀನು ಹಿಡಿಯಬೇಕೆಂಬ ನಿಯಮ, ಮಳೆಗಾಲದ ನಿಷೇಧ ಇವಕ್ಕೆಲ್ಲ ಅದೇ ಆಧಾರ. ನಿಷೇಧದ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದುದರಿಂದ ಒಂದು ರಾಜ್ಯದವರು ಬಿಟ್ಟ ಮೀನನ್ನು ಪಕ್ಕದವರು ಹಿಡಿಯುವಂತಾಗಿತ್ತು. 2015ರಿಂದ ಕೇಂದ್ರ ಸರ್ಕಾರ ಪಶ್ಚಿಮ ಕರಾವಳಿಯ ತನ್ನ ವ್ಯಾಪ್ತಿಯ ನೀರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಏಕರೂಪದ ನಿಷೇಧ ಜಾರಿಗೊಳಿಸಿತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ.

ವಿಜ್ಞಾನದ ದೃಷ್ಟಿಯೂ ಈ ಹೊತ್ತಿಗೆ ಬದಲಾಗಿತ್ತು. ಯುರೋಪಿನ ತಣ್ಣನೆಯ ಕಡಲುಗಳಿಗಾಗಿ ರೂಪಿಸಿದ ಲೆಕ್ಕಗಳು ಒಂದೊಂದು ಜಾತಿಯನ್ನು ಪ್ರತ್ಯೇಕವಾಗಿ ನೋಡುತ್ತಿದ್ದವು. ಒಂದೇ ಟ್ರಾಲ್ ಬಲೆಗೆ ಸಿಗಡಿ, ಬೊಂಡಾಸ್, ಪಾಂಬೋಳ್, ತೊರಕೆ ಎಲ್ಲವೂ ಬೀಳುವ ಉಷ್ಣವಲಯದ ಕಡಲಿಗೆ ಅದು ಸಾಲದು. ಇದಕ್ಕೆ ಪರಿಹಾರ ದೊರೆತದ್ದು ಒಂದು ದ್ವೀಪದಿಂದ. 1984ರಲ್ಲಿ ವಿಜ್ಞಾನಿ ಜೆಫ್ರಿ ಪೊಲೊವಿನಾ ಹವಾಯಿಯ ಫ್ರೆಂಚ್ ಫ್ರಿಗೇಟ್ ಶೋಲ್ಸ್ ಎಂಬ ಹವಳದ ದಿಬ್ಬಕ್ಕಾಗಿ, ಯಾವ ಜೀವಿ ಯಾವುದನ್ನು ಎಷ್ಟು ತಿನ್ನುತ್ತದೆ ಎಂಬುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ಇಕೋಪಾತ್ ಮಾದರಿ ಕಟ್ಟಿದರು. ಅದೇ ಮಾದರಿಯ ಬೆಳೆದ ರೂಪವನ್ನು ಬಳಸಿ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಎಸ್. ಮೊಹಮದ್, ಪಿ. ಯು. ಜಕಾರಿಯಾ ಮತ್ತು ಸಂಗಡಿಗರು ಕರ್ನಾಟಕದ ಎದುರಿನ ಅರಬ್ಬಿ ಸಮುದ್ರದ ಆಹಾರಜಾಲವನ್ನು ಚಿತ್ರಿಸಿದರು. ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೀನುಗಾರಿಕೆಯ ಒತ್ತಡ ಹೆಚ್ಚಿಸಿದರೆ, ಇಳಿಸಿದರೆ ಯಾವ ಗುಂಪಿಗೆ ಏನಾಗುತ್ತದೆಂದು ಮುಂಚಿತವಾಗಿ ಲೆಕ್ಕ ಹಾಕಿ ನೋಡಲು ಅದರಿಂದ ಸಾಧ್ಯವಾಯಿತು.

ಅದೇ ಸಂಸ್ಥೆಯ ಮಂಗಳೂರಿನ ಸಂಶೋಧಕರು ಗಮನ ಕೊಟ್ಟ ಇನ್ನೊಂದು ವಿಷಯ ಟ್ರಾಲ್ ಬೋಟುಗಳು ತರುವ ಅಗ್ಗದ ಮೀನು. ದೊಡ್ಡದಾಗಿ ಬೆಳೆದು ಒಳ್ಳೆಯ ಬೆಲೆ ತರಬೇಕಾದ ಮೀನುಗಳ ಮರಿಗಳು ಈ ರಾಶಿಯಲ್ಲಿ ಸೇರಿ ಮೀನುಹುಡಿ, ಮೀನೆಣ್ಣೆ ಕಾರ್ಖಾನೆಗಳಿಗೆ ಹೋಗುತ್ತವೆ. ಎ. ಪಿ. ದಿನೇಶ್‌ಬಾಬು ಮತ್ತು ಸಹೋದ್ಯೋಗಿಗಳು ಇದನ್ನು ವಿವರವಾಗಿ ದಾಖಲಿಸಿದರು. ಇದಕ್ಕೆ ವಿಜ್ಞಾನಿಗಳು ಎರಡು ಮದ್ದು ಸೂಚಿಸಿದರು. ಮೊದಲನೆಯದು ಟ್ರಾಲ್ ಬಲೆಯ ತುದಿಚೀಲಕ್ಕೆ 35 ಮಿಲಿಮೀಟರ್ ಚೌಕಕಣ್ಣಿನ ಬಲೆ; ವಜ್ರಾಕಾರದ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಚೌಕಕಣ್ಣು ತೆರೆದೇ ಇದ್ದು ಮರಿಗಳನ್ನು ಹೊರಬಿಡುತ್ತದೆ. ಎರಡನೆಯದು ಹಿಡಿಯಬಹುದಾದ ಕನಿಷ್ಠ ಗಾತ್ರ. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬ ಮಿತಿಯನ್ನು ಮೊದಲು ಕಾನೂನಾಗಿಸಿದ್ದು ಕೇರಳ, 2015ರಲ್ಲಿ. ಪ್ರಖರ ಎಲ್‌ಇಡಿ ಬೆಳಕಿಗೆ ಮೀನನ್ನು ಸೆಳೆದು ಹಿಡಿಯುವುದನ್ನೂ ಎರಡು ಬೋಟುಗಳು ಸೇರಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಪಾಚಿಯ ಹಸಿರನ್ನು ಅಳೆದು ಮೀನು ಸಿಗಬಹುದಾದ ಜಾಗಗಳನ್ನು ತಿಳಿಸುತ್ತದೆ. ಇದು ಡೀಸೆಲ್ ಉಳಿಸುತ್ತದೆ, ಆದರೆ ಹಿಡಿತಕ್ಕೆ ಮಿತಿಯಿಲ್ಲದಿದ್ದರೆ ಮೀನನ್ನು ಉಳಿಸದು.

ಬೂತಾಯಿಯ ಇತ್ತೀಚಿನ ಕುಸಿತ ಈ ಎಲ್ಲ ಜ್ಞಾನವನ್ನು ಒರೆಗೆ ಹಚ್ಚಿತು. 2012ರಲ್ಲಿ ದೇಶದ ಬೂತಾಯಿ ಇಳುವರಿ ದಾಖಲೆ ಮುಟ್ಟಿತು. ಬಳಿಕ ಇಳಿಯುತ್ತ ಹೋಗಿ 2021ರಲ್ಲಿ ಕೇರಳದಲ್ಲಿ ಕೇವಲ 3,297 ಟನ್ ಸಿಕ್ಕಿತು. 2015ರ ಎಲ್ ನಿನೊದಿಂದ ನೀರು ಕಾದದ್ದು, ಮೊಟ್ಟೆಯಿಡಬೇಕಾದ ಮೀನನ್ನೂ ಮರಿಗಳನ್ನೂ ಮೊದಲೇ ಅತಿಯಾಗಿ ಹಿಡಿದದ್ದು ಎರಡೂ ಸೇರಿ ಹೀಗಾಯಿತೆಂಬುದು ವಿಜ್ಞಾನಿಗಳ ತೀರ್ಮಾನ. ಪ್ರಕೃತಿಯೋ ಬಲೆಯೋ ಎಂಬ ಹಾರ್ನೆಲ್ ಕಾಲದ ಪ್ರಶ್ನೆಗೆ ದೊರೆತ ಸ್ಪಷ್ಟ ಉತ್ತರಗಳಲ್ಲಿ ಇದೊಂದು.

ಉತ್ತರ ಗೊತ್ತಿದ್ದರೂ ಅದನ್ನು ಜಾರಿಗೆ ತರುವ ಅಧಿಕಾರ ಚದುರಿಹೋಗಿದೆ. ರಾಜ್ಯದ ಕಾನೂನು ತೀರದಿಂದ 12 ನಾಟಿಕಲ್ ಮೈಲಿಯವರೆಗೆ. ಅಲ್ಲಿಂದ 200 ಮೈಲಿಯವರೆಗೆ ಕೇಂದ್ರದ್ದು. ಸಂಶೋಧನಾ ಸಂಸ್ಥೆ ಸಲಹೆ ಕೊಡಬಲ್ಲದೇ ಹೊರತು ಆಜ್ಞೆ ಮಾಡಲಾರದು. ಚದುರಿದ ಅಧಿಕಾರವನ್ನು ಕೂಡಿಸಲೂ ಬಹುದು: ಪೆಸಿಫಿಕ್‌ನ ಎಂಟು ದ್ವೀಪರಾಷ್ಟ್ರಗಳು 1982ರ ನೌರು ಒಪ್ಪಂದದಿಂದ ಆರಂಭಿಸಿ ತಮ್ಮ ನೀರಿನ ಗೆದರೆ (ಟ್ಯೂನಾ) ಮೀನುಗಾರಿಕೆಯನ್ನು ಒಟ್ಟಾಗಿ ನಿರ್ವಹಿಸುವ ಮಟ್ಟಕ್ಕೆ ಬಂದವು. 2007ರಿಂದ ಹಡಗುಗಳಿಗೆ ದಿನಗಳ ಲೆಕ್ಕದಲ್ಲಿ ಅವಕಾಶ ಮಾರುತ್ತಿವೆ. ಗೋವಾ, ಕರ್ನಾಟಕ, ಕೇರಳಗಳ ಮುಂದೆ ಈಜಾಡುವ ಬೂತಾಯಿ, ಬಂಗುಡೆಯ ಹಿಂಡುಗಳೂ ಹಂಚಿಕೊಂಡ ಸಂಪತ್ತೇ. ಮಳೆಗಾಲದ ಬಿಡುವನ್ನು ಒಪ್ಪಿಕೊಂಡಿರುವ ಈ ರಾಜ್ಯಗಳು ಮೀನಿನ ಕನಿಷ್ಠ ಗಾತ್ರ, ಬಲೆಯ ಕಣ್ಣು, ಬೋಟುಗಳ ಸಂಖ್ಯೆ ಈ ಮೂರರಲ್ಲೂ ಒಂದೇ ನಿಯಮಕ್ಕೆ ಬಂದು, ಅದನ್ನು ಪ್ರತಿ ದಕ್ಕೆಯಲ್ಲೂ ಒಂದೇ ಬಿಗಿಯಿಂದ ಜಾರಿಗೆ ತರಬೇಕು.